ಹಬ್ಬು, ಸ್ಪೋಕು ಮತ್ತು ಐಸ್ ಪ್ಲಾಂಟಿನ ಲೆಟರ್‌ಹೆಡ್

ಅನುದಾನದ ಅರ್ಜಿ ಹಾಕುವ ಕೊನೆಯ ದಿನಾಂಕ ಮತ್ತೆ ಮುಂದಕ್ಕೆ ಹೋಗಿದೆ. ನೀವೂ ಓದಿರುತ್ತೀರಿ. ವಿಶ್ವವಿದ್ಯಾಲಯಗಳು ತಂತಮ್ಮ ಸೀಮೆಯಲ್ಲಿ ‘ಪ್ರಾದೇಶಿಕ ನಾವೀನ್ಯತಾ ಪರಿಸರ ವ್ಯವಸ್ಥೆ’ ಕಟ್ಟಬೇಕಂತೆ, ಅದಕ್ಕೆ ಸಂಶೋಧನಾ ಅನುದಾನ ಉಂಟಂತೆ, ಅರ್ಜಿ ಹಾಕಬೇಕಂತೆ. ಈ ಪದವನ್ನು ಒಂದೇ ಉಸಿರಿಗೆ ಹೇಳಲು ನಾನು ಮೂರು ಸಲ ನೋಡಿದೆ. ಮೂರನೇ ಸಲಕ್ಕೆ ಹೆಂಡತಿ ಒಳಗಿನಿಂದ ‘ಎಂತಾಯ್ತು, ಹುಷಾರಿಲ್ವಾ?’ ಅಂತ ಕೇಳಿದಳು.

ನಮ್ಮ ಕರಾವಳಿ ಕಡೆ ಪರಿಸರ ವ್ಯವಸ್ಥೆ ಅಂದರೆ ನಾಗಬನ, ನಾಗನಿಗೆಂದು ಬಿಟ್ಟ ಕಾಡಿನ ತುಂಡು. ಅದನ್ನು ಯಾರೂ ಕಟ್ಟಲಿಲ್ಲ. ಕತ್ತಿ ಹಾಕದೆ ಸುಮ್ನೆ ಬಿಟ್ಟರು, ಅದರಷ್ಟಕ್ಕೆ ಬೆಳೆಯಿತು. ಆಮೇಲೆ ನಮಗೆ ದುಡ್ಡು ಬಂತು, ಎಷ್ಟೋ ಬನಗಳ ಮರ ತೆಗೆದು ಕಾಂಕ್ರೀಟ್ ಹಾಕಿ, ಮೇಲೆ ಗ್ರಾನೈಟ್ ಕೂರಿಸಿದೆವು. ಅನುದಾನ ಬಂದರೆ ಏನಾಗುತ್ತದೆ ಅಂತ ನಮಗೆ ಆವಾಗಲೇ ಗೊತ್ತಾಗಬೇಕಿತ್ತು.

ನನ್ನ ಗೆಳೆಯನೊಬ್ಬ ಇಲ್ಲೇ ಒಂದು ಕಡೆ ಫಿಸಿಕ್ಸ್ ಪಾಠ ಮಾಡುತ್ತಾನೆ. ಎಲ್ಲಿ ಅಂತ ಕೇಳಬೇಡಿ. ಹನ್ನೊಂದು ವರ್ಷದಿಂದ ‘ಅತಿಥಿ’ ಉಪನ್ಯಾಸಕ. ಈ ಊರಲ್ಲಿ ಅತಿಥಿ ಬಂದರೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಇವನಿಗೆ ಮೂರು ತಿಂಗಳಿಂದ ಸಂಬಳವೇ ಬಂದಿಲ್ಲ. ಆದರೆ ಅರ್ಜಿ ಬರೆಯುವ ಕೆಲಸ ಮಾತ್ರ ಇವನಿಗೇ ಬಂದಿದೆ, ಏಕೆಂದರೆ ಪರ್ಮನೆಂಟ್ ಇರುವವರಿಗೆ ಒಬ್ಬೊಬ್ಬರಿಗೂ ಮೂರು ವಿಭಾಗದ ಇನ್‌ಚಾರ್ಜ್ ಉಂಟು.

ಅರ್ಜಿಗೆ ಉದ್ಯಮದವರ ಬೆಂಬಲ ಪತ್ರ ಬೇಕು. ಹಾಗಾಗಿ ಜುಲೈನಲ್ಲಿ ಒಂದು ದಿನ ಮಲ್ಪೆಗೆ ಹೊರಟ. ನಾನೂ ಬೈಕಿನ ಹಿಂದೆ ಕೂತೆ, ಮೀನೂಟದ ಆಸೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅನ್ನುವುದು ಉದ್ಯಾವರದ ಸೇತುವೆ ದಾಟಿದ ಮೇಲೆ ನೆನಪಾಯಿತು.

ಐಸ್ ಪ್ಲಾಂಟಿನ ಯಜಮಾನರು ಬಿಡುವಾಗಿದ್ದರು. ಪತ್ರ ನಾವೇ ಟೈಪ್ ಮಾಡಿ ತಂದಿದ್ದೆವು, ಅವರ ಲೆಟರ್‌ಹೆಡ್‌ನಲ್ಲಿ ಪ್ರಿಂಟ್ ತೆಗೆದು ಸೈನ್ ಹಾಕಿದರೆ ಆಯಿತು. ಅವರು ಕನ್ನಡಕ ಹಾಕಿಕೊಂಡು ಓದಿದರು.

‘ಇದು ಲೋನಿಗಾ ಸರ್? ಜಾಮೀನು ಮಾತ್ರ ಬೇಡ. ಒಮ್ಮೆ ಭಾವನಿಗೆ ಹಾಕಿ ಸಾಕಾಗಿದೆ.’

ಜಾಮೀನಲ್ಲ, ಇಂಡಸ್ಟ್ರಿ ಪಾರ್ಟ್ನರ್ ಅಂತ ವಿವರಿಸಿದೆವು.

‘ಮತ್ತೆ ಇದರಲ್ಲಿ ನಾನು ಎಕ್ಸೈಟೆಡ್ ಅಂತ ಬರೆದಿದ್ದೀರಿ. ಎಂತಕ್ಕೆ ಎಕ್ಸೈಟ್ ಆಗುದು ಮಾರಾಯ್ರೆ?’

ಅದಕ್ಕೆ ಅರ್ಜಿಯಲ್ಲಿ ಉತ್ತರ ಇರಲಿಲ್ಲ. ಆದರೆ ಅವರ ಹತ್ತಿರ ಒಂದು ಪ್ರಶ್ನೆ ಇತ್ತು. ಕರೆಂಟು ಎರಡು ಗಂಟೆ ಹೋದರೆ ಬ್ಲಾಕ್ ಐಸ್ ಸರಿಯಾಗಿ ಕಟ್ಟುವುದಿಲ್ಲ, ನಡುವೆ ಟೊಳ್ಳು ಉಳಿಯುತ್ತದೆ, ಜನರೇಟರ್ ಓಡಿಸಿದರೆ ಲಾಭವೆಲ್ಲ ಡೀಸೆಲ್‌ಗೆ. ಅದಕ್ಕೆ ಎಂತಾದ್ರೂ ಮಾಡಲಿಕ್ಕೆ ಆಗ್ತದಾ? ಗೆಳೆಯನ ಮುಖ ಅರಳಿತು. ಅಲ್ಲೇ ಬಿದ್ದಿದ್ದ ಡೀಸೆಲ್ ಬಿಲ್ಲಿನ ಹಿಂದೆ ಉಪ್ಪುನೀರಿನ ಟ್ಯಾಂಕ್ ಬರೆದ, ಡಬ್ಬಗಳನ್ನು ಬರೆದ, ಏನೋ ಗುಣಿಸಿದ, ಭಾಗಿಸಿದ. ಅರ್ಧ ಗಂಟೆ ಇಬ್ಬರೂ ನನ್ನನ್ನು ಮರೆತೇಬಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ನಾನು ಕಣ್ಣಾರೆ ನೋಡಿದ ಮೊದಲ ಸಂಶೋಧನೆ ಅದು.

ಆಮೇಲೆ ಅವನು ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡ. ಅರ್ಜಿಯಲ್ಲಿ ‘ಸಮಸ್ಯೆ’ಯ ಕಾಲಂ ಆಗಲೇ ಭರ್ತಿಯಾಗಿತ್ತು. ಕೃತಕ ಬುದ್ಧಿಮತ್ತೆ, ನೀಲಿ ಆರ್ಥಿಕತೆ, ಸುಸ್ಥಿರತೆ, 250 ಪದ. ಐಸಿನ ಟೊಳ್ಳಿಗೆ ಅದರಲ್ಲಿ ಜಾಗ ಇಲ್ಲ.

ಇನ್ನು ಟಿಆರ್‌ಎಲ್ ಅಂತ ಒಂದುಂಟು, 1ರಿಂದ 9ರವರೆಗೆ. ತಂತ್ರಜ್ಞಾನ ಎಷ್ಟು ಹಣ್ಣಾಗಿದೆ ಅಂತ ನೋಡುವುದಕ್ಕೆ ನಾಸಾದವರು ಮಾಡಿಕೊಂಡ ಅಳತೆಗೋಲು. ಬಾಹ್ಯಾಕಾಶಕ್ಕೆ ಸರಿ. ಮಟ್ಟುಗುಳ್ಳ ಬದನೆಯ ಹುಳಕ್ಕೆ ಮದ್ದು ಹುಡುಕುವವನೂ ‘ಸದ್ಯ 3ರಲ್ಲಿದ್ದೇನೆ, ಎರಡು ವರ್ಷದಲ್ಲಿ 6ಕ್ಕೆ ಮುಟ್ಟುತ್ತೇನೆ’ ಅಂತ ಬರೆದುಕೊಡಬೇಕು. ಹುಳದ ಹತ್ತಿರ ಕೇಳಿದವರಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ದೆಹಲಿಯವರ ಧಾರಾಳತನವನ್ನು ಮೆಚ್ಚಲೇಬೇಕು. 2023ರಲ್ಲಿ ಸಂಶೋಧನೆಗೆಂದೇ ಕಾನೂನು ಮಾಡಿ ಒಂದು ಪ್ರತಿಷ್ಠಾನ ತಂದರು, ಐದು ವರ್ಷಕ್ಕೆ 50,000 ಕೋಟಿ ಅಂದರು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ, ಜಾಸ್ತಿ ಪಾಲು ಕಂಪನಿಗಳಿಂದ ಬರಬೇಕು. ಮದುವೆಗೆ ಊರಿಗೆಲ್ಲ ಕಾಗದ ಹಂಚಿ, ಕೆಳಗೆ ಸಣ್ಣಕ್ಷರದಲ್ಲಿ ‘ಅಕ್ಕಿ, ಬೇಳೆ, ತೆಂಗಿನಕಾಯಿ ನೀವೇ ತರತಕ್ಕದ್ದು’ ಅಂತ ಹಾಕಿದ ಹಾಗೆ. ಮರುವರ್ಷವೇ ಹಬ್ ಮತ್ತು ಸ್ಪೋಕ್ ಅನ್ನುವ ಮಾದರಿಯ ಯೋಜನೆ ಬಂತು. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಸಂಸ್ಥೆ ಚಕ್ರದ ನಡುವಿನ ಹಬ್ಬು, ಉಳಿದ ವಿಶ್ವವಿದ್ಯಾಲಯಗಳು ಕಡ್ಡಿಗಳು. ಸೈಕಲ್ ತುಳಿಯುವವನು ಯಾರು ಅಂತ ಕೇಳಬಾರದು. ಸಂಶೋಧನಾ ಅನುದಾನಕ್ಕೂ ಜಿಎಸ್‌ಟಿ ಕಟ್ಟಿ ಅಂತ ಐಐಟಿಗಳಿಗೇ ನೋಟಿಸ್ ಹೋಗಿದ್ದು ನೆನಪಿದೆ ಅಲ್ವಾ? ಗಲಾಟೆಯಾದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿ ಕೊಟ್ಟರು. ಇಷ್ಟೆಲ್ಲ ಗದ್ದಲದ ದೇಶ 2020-21ರಲ್ಲಿ ಸಂಶೋಧನೆಗೆ ಹಾಕಿದ್ದು ಜಿಡಿಪಿಯ ಶೇ. 0.64.

ಸ್ವಲ್ಪ ದಾರಿ ತಪ್ಪುತ್ತೇನೆ. 1865ರಲ್ಲಿ ಬಾಸೆಲ್ ಮಿಶನ್‌ನವರು ನೇತ್ರಾವತಿಯ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನದಿಯ ಆವೆಮಣ್ಣು, ನಮ್ಮವರ ಕೈ, ಎಲ್ಲಿಂದಲೋ ಕಲಿತ ಅಚ್ಚು. ಮಂಗಳೂರು ಹೆಂಚು ಹಡಗು ಹತ್ತಿ ಸಮುದ್ರದಾಚೆಗೂ ಹೋಯಿತು. 1928ರಲ್ಲಿ ಉಡುಪಿಯ ಬ್ಯಾಂಕೊಂದು ದಿನಕ್ಕೆ ಎರಡಾಣೆ ಕೂಡಿಸಿದರೂ ಸಾಕು, ಮನೆ ಬಾಗಿಲಿಗೇ ಬಂದು ತಗೊಳ್ತೇವೆ ಅಂತ ಪಿಗ್ಮಿ ಶುರು ಮಾಡಿತು. ಅಡಿಕೆ ವ್ಯಾಪಾರಿಗಳು ಬೆಲೆ ಬಿಗಿ ಹಿಡಿದಾಗ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಅನ್ನುವ ಸಹಕಾರಿ ಸಂಘ ಮಾಡಿಕೊಂಡರು, ಆಮೇಲೆ ಪುತ್ತೂರಿನಲ್ಲಿ ಚಾಕೊಲೇಟನ್ನೂ ಮಾಡಿದರು. ಇವರಲ್ಲಿ ಒಬ್ಬರಾದರೂ ‘ನಿರೀಕ್ಷಿತ ಫಲಶ್ರುತಿ’ಯ ಕಾಲಂ ತುಂಬಿರಬಹುದಾ? ಪಿಗ್ಮಿ ಹುಟ್ಟಿದ ಬ್ಯಾಂಕನ್ನು 2020ರಲ್ಲಿ ಇನ್ನೊಂದರಲ್ಲಿ ಕರಗಿಸಿಯೂ ಆಯಿತು, ಬಿಡಿ.

ಇಷ್ಟು ಹೊತ್ತು ನಗುತ್ತಾ ಬರೆದೆ, ಮುಂದಿನದು ನಗುವ ವಿಷಯ ಅಲ್ಲ. ಆ ಅರ್ಜಿಯ ಅರುವತ್ತು ಪುಟ ಬರೆದವನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅತಿಥಿಯಾದವನು ಪ್ರಧಾನ ಸಂಶೋಧಕ ಆಗುವ ಹಾಗಿಲ್ಲ. ಹಣ ಬಂದರೆ ಮಾರ್ಚ್ ಹತ್ತಿರ ಬರುತ್ತದೆ, 31ರೊಳಗೆ ಖರ್ಚು ಮಾಡಿ ಸರ್ಟಿಫಿಕೇಟ್ ಕಳಿಸಿ ಅನ್ನುತ್ತಾರೆ. ಲ್ಯಾಬಿನಲ್ಲಿ ಹಾಳಾದ ಆಸಿಲೊಸ್ಕೋಪ್ ರಿಪೇರಿಗೆ ನಾಲ್ಕು ಸಾವಿರ ಕೇಳಿ ಅವನು ಎರಡು ವರ್ಷ ಕಾದಿದ್ದಾನೆ. ಅವನ ಮಗಳ ಸ್ಕೂಲ್ ಫೀಸಿಗೆ ಮೊನ್ನೆ ಬಂಗಾರ ಅಡವಿಟ್ಟಿದ್ದಾರೆ. ಖಾಲಿ ಹುದ್ದೆ ತುಂಬಿ, ಪಾಠ ಮಾಡಿದವನಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡಿ. ಅದಕ್ಕೆ ಯಾವ ಸೀಮೆಯ ಇಕೋಸಿಸ್ಟಮ್ ಬೇಕು?

ಇರಲಿ. ದಿನಾಂಕ ಮುಂದಕ್ಕೆ ಹೋಗಿದ್ದರಿಂದ ಮೇಲಿನವರು ಬೆಂಬಲ ಪತ್ರವೂ ಹೊಸ ತಾರೀಕಿನದ್ದೇ ಬೇಕು ಅಂದರು. ಮೊನ್ನೆ ಮತ್ತೆ ಮಲ್ಪೆಗೆ ಹೋದೆವು. ಈಗ ನಿಷೇಧ ಮುಗಿದಿದೆ, ಬಂದರಿನಲ್ಲಿ ಕಾಲಿಡಲು ಜಾಗ ಇಲ್ಲ. ಯಜಮಾನರು ಕ್ರಶರಿನ ಪಕ್ಕ ನಿಂತು ಕೂಗುತ್ತಿದ್ದರು. ನಮ್ಮನ್ನು ನೋಡಿ ಲುಂಗಿಗೆ ಕೈ ಒರೆಸಿಕೊಂಡು, ಈ ಸಲ ಓದಲೂ ಹೋಗದೆ, ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಸೈನ್ ಹಾಕಿದರು. ಶಾಯಿ ಒದ್ದೆಗೆ ಹರಡಿತು.

‘ಆ ಬಿಲ್ಲಿನ ಹಿಂದೆ ಬರೆದದ್ದು ಎಂತಾಯ್ತು ಸರ್?’ ಅಂತ ಕೇಳಿದರು.

ಗೆಳೆಯ ಹಾಳೆಯನ್ನು ಗಾಳಿಗೆ ಹಿಡಿದು ಒಣಗಿಸುತ್ತಿದ್ದ.