ದುಬೈ ಡಿಕ್ರಿ ಮಡಿಕೇರಿಗೆ ಬಂದಾಗ

"ಅಲ್ಲಿನ ಕೋರ್ಟು ಇಲ್ಲಿ ಏನು ಮಾಡೀತು?" ಗಲ್ಫಿನಿಂದ ಊರಿಗೆ ಮರಳಿದವರ ಬಾಯಲ್ಲಿ ಕೊಡಗಿನಲ್ಲಿ ಈಗಲೂ ಕೇಳಿಬರುವ ಮಾತಿದು. ದಯವಿಟ್ಟು ನಂಬಬೇಡಿ.

2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯುಎಇಯನ್ನು ಪರಸ್ಪರ ಮಾನ್ಯತೆಯ ದೇಶವೆಂದು ಅಧಿಸೂಚಿಸಿತು. ಅಂದಿನಿಂದ ದುಬೈ, ಅಬುಧಾಬಿ ಕೋರ್ಟುಗಳ ಹಣದ ಡಿಕ್ರಿಯನ್ನು (ಇಂತಿಷ್ಟು ಹಣ ಕೊಡಬೇಕೆಂಬ ಕೋರ್ಟಿನ ಆದೇಶವನ್ನು) ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ನೇರವಾಗಿ ಮಡಿಕೇರಿ ಜಿಲ್ಲಾ ನ್ಯಾಯಾಲಯಕ್ಕೆ ತರಬಹುದು. ಆ ಕೋರ್ಟು ತಾನೇ ಕೊಟ್ಟ ಡಿಕ್ರಿಯಂತೆ ಅದನ್ನು ಅಮಲ್ಜಾರಿ ಮಾಡುತ್ತದೆ, ಅಂದರೆ ಹಣ ವಸೂಲು ಮಾಡಿಸುತ್ತದೆ. ಬ್ರಿಟನ್, ಸಿಂಗಪುರಕ್ಕೂ ಇದೇ ದಾರಿ. ಅಮೆರಿಕದ ತೀರ್ಪಾದರೆ ಅದರ ಆಧಾರದ ಮೇಲೆ 3 ವರ್ಷದೊಳಗೆ ಇಲ್ಲಿ ಹೊಸ ದಾವೆಯನ್ನೇ ಹೂಡಬೇಕು. ದಂಡ, ತೆರಿಗೆಯ ಬಾಕಿಗೆ 44ಎ ಅನ್ವಯಿಸದು.

ಡಿಕ್ರಿದಾರರು, ಅಂದರೆ ಹಣ ಬರಬೇಕಾದವರು, ಎಡವುವುದು ಕಾಗದದಲ್ಲಿ. ತೀರ್ಪಿನ ದೃಢೀಕೃತ ನಕಲಿನ ಜೊತೆಗೆ, ಎಷ್ಟು ಹಣ ಈಗಾಗಲೇ ವಸೂಲಾಗಿದೆ ಎಂದು ಅಲ್ಲಿನ ಕೋರ್ಟು ಕೊಡುವ ಪ್ರಮಾಣಪತ್ರವೂ ಬೇಕು. ಅದಿಲ್ಲದೆ ಬಂದ ಅರ್ಜಿ ಅಲ್ಲೇ ನಿಲ್ಲುತ್ತದೆ. ಅರಬ್ಬೀ ತೀರ್ಪಿಗೆ ದೃಢೀಕೃತ ಅನುವಾದವೂ ಇರಲಿ.

ಸಾಲಗಾರನಿಗೆ ಮುಖ್ಯವಾದದ್ದು ಅದೇ ಸಂಹಿತೆಯ ಆದೇಶ 21, ನಿಯಮ 22ರ ನೋಟಿಸು: ಡಿಕ್ರಿಯನ್ನು ಏಕೆ ಅಮಲ್ಜಾರಿ ಮಾಡಬಾರದು ಎಂದು ಕೋರ್ಟು ಕೇಳುವುದು. 44ಎ ಡಿಕ್ರಿಗೆ ಇದು ಕಡ್ಡಾಯ. ಸಂಹಿತೆಯ 13ನೇ ಕಲಮಿನ ಆಕ್ಷೇಪಣೆಗಳನ್ನು ಎತ್ತಬೇಕಾದದ್ದು ಇಲ್ಲೇ: ಆ ಕೋರ್ಟಿಗೆ ಅಧಿಕಾರವೇ ಇರಲಿಲ್ಲ, ಸಮನ್ಸ್ ಸರಿಯಾಗಿ ಮುಟ್ಟಲಿಲ್ಲ, ಮೋಸದಿಂದ ಪಡೆದದ್ದು, ಸಾಕ್ಷ್ಯ ನೋಡದೆ ಕೊಟ್ಟದ್ದು, ಇಂಥವು. ಏಕಪಕ್ಷೀಯ ತೀರ್ಪೆಂದ ಮಾತ್ರಕ್ಕೆ ಬಿದ್ದುಹೋಗುವುದಿಲ್ಲ. ಎದುರಾಳಿ ಬರದಿದ್ದರೂ ದಾಖಲೆ ಪರಿಶೀಲಿಸಿ, ಕಾರಣ ಬರೆದು ಕೊಟ್ಟಿದ್ದರೆ ಅದು ನಿಲ್ಲುತ್ತದೆ. ಆದ್ದರಿಂದ ದುಬೈಯಿಂದ ಸಮನ್ಸ್ ಬಂದಾಗಲೇ ಅಲ್ಲಿ ವಕೀಲರನ್ನಿಟ್ಟು ಹೋರಾಡಿ. ಇಲ್ಲಿ ಸಾಲದ ಲೆಕ್ಕವನ್ನು ಮತ್ತೆ ಮೊದಲಿಂದ ವಿಚಾರಿಸುವುದಿಲ್ಲ.

(ವಿಚ್ಛೇದನದ ಕಥೆಯೇ ಬೇರೆ. ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ ಅಮೆರಿಕದಲ್ಲಿ ಪಡೆದ ವಿಚ್ಛೇದನವನ್ನು ಸುಪ್ರೀಂ ಕೋರ್ಟು 1991ರಲ್ಲೇ ಒಪ್ಪಲಿಲ್ಲ.)

ಮುಂದೆ ಜಪ್ತಿ. ಬ್ಯಾಂಕ್ ಖಾತೆಯಷ್ಟೇ ಅಲ್ಲ, ಕಾಫಿ ಕ್ಯೂರಿಂಗ್ ವರ್ಕ್ಸ್‌ನವರೋ ವ್ಯಾಪಾರಿಯೋ ನಿಮಗೆ ಕೊಡಬೇಕಾದ ಬಾಕಿಯನ್ನೂ ಆದೇಶ 21ರ ನಿಯಮ 46ಎ ಅಡಿ ಕೋರ್ಟಿಗೆ ಕಟ್ಟಿಸಬಹುದು. ತೋಟವನ್ನು ಗಡಿಬಿಡಿಯಲ್ಲಿ ಹೆಂಡತಿ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸುವುದರಿಂದ ಉಳಿಗಾಲವಿಲ್ಲ. ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ್ದೆಂದು ಆಸ್ತಿ ಹಸ್ತಾಂತರ ಕಾಯ್ದೆಯ 53ನೇ ಕಲಮಿನಡಿ ಅದನ್ನು ಪ್ರಶ್ನಿಸಬಹುದು.

ಜಮ್ಮಾ ಜಾಗದಲ್ಲಿ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ) ಮಾತ್ರ ವಿಷಯ ಸಿಕ್ಕಾಗುತ್ತದೆ. ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಮುಖ್ಯಸ್ಥರ) ಜೊತೆ ಒಕ್ಕದ, ಅಂದರೆ ಆ ಕೂಡುಕುಟುಂಬದ, ಹಲವರ ಹೆಸರಿದ್ದು ಪಾಲು ಆಗಿರದಿದ್ದರೆ, ಒಬ್ಬರ ಸಾಲಕ್ಕೆ ಇಡೀ ಜಾಗ ಜಪ್ತಿಯಾಗಬಾರದು. ಸಾಲಕ್ಕೆ ಸಂಬಂಧವಿಲ್ಲದ ಒಕ್ಕದವರು ಆದೇಶ 21ರ ನಿಯಮ 58ರಡಿ ತಮ್ಮ ಹಕ್ಕಿನ ಅರ್ಜಿ ಕೊಡಬೇಕು, ಅದೂ ಹರಾಜಿಗೆ ಮೊದಲು. ಹರಾಜಾದ ಮೇಲೆ ಕೊಟ್ಟ ಅರ್ಜಿಯನ್ನು ಆ ನಿಯಮದಡಿ ಕೋರ್ಟು ತೆಗೆದುಕೊಳ್ಳುವುದಿಲ್ಲ.