ಆ ದಾಸವಾಳ ಮಳೆಗೆ ಸತ್ತಿದ್ದಲ್ಲ

ಬೆಳಗ್ಗೆಯಿಂದ ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದ್ದೀನಿ. ನಾಲ್ಕು ದಿನದಿಂದ ಸಂಜೆಯಾದ್ರೆ ಮಳೆ. ಇವತ್ತು ತಾರಸಿಗೆ ಹೋದ್ರೆ ಪಕ್ಕದ ಮನೆ ಆಂಟಿ ತಮ್ಮ ದಾಸವಾಳದ ಮುಂದೆ ನಿಂತಿದ್ರು. ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದಿದ್ವು. "ಹಾಳಾದ್ ಮಳೆ, ಗಿಡನ ಕೊಂದೇಬಿಡ್ತು ನೋಡಿ. ದಿನಾ ಬೆಳಗ್ಗೆ ಮೇಲಿನ ನೀರು ಚೆಲ್ತಾನೇ ಇದ್ದೆ" ಅಂದ್ರು.

ಬಿಳೀ ಪಿಂಗಾಣಿ ಕುಂಡ. ಎತ್ತಿ ತಳ ನೋಡಿದೆ. ಒಂದೂ ತೂತಿಲ್ಲ!

ಗಿಡ ಹಿಡಿದು ಎಳೆದ್ರೆ ಕೆಸರಿಂದ ಸಲೀಸಾಗಿ ಬಂತು. ಬೇರುಗಳೆಲ್ಲ ಕಂದುಬಣ್ಣ. ಬೆರಳಲ್ಲಿ ಸವರಿದ್ರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಉಳೀತು. ಚರಂಡಿ ವಾಸನೆ. ಬೇರಿಗೂ ಉಸಿರಾಡೋಕೆ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದ್ರೆ ಬೇರು ಕೊಳೆಯುತ್ತೆ, ಆಮೇಲೆ ನೀರಲ್ಲೇ ನಿಂತಿದ್ರೂ ಗಿಡಕ್ಕೆ ಕುಡಿಯೋಕಾಗಲ್ಲ. ಅದಕ್ಕೇ ಬಾಡೋದು. ಬಾಡಿದ್ದು ನೋಡಿ ಜನ ಇನ್ನೊಂದು ಚೊಂಬು ಸುರೀತಾರೆ.

ತೂತಿಲ್ಲದ ಕುಂಡ ಮಾರೋರ ಮೇಲೂ ನನಗೆ ಸಿಟ್ಟಿದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು ಮಳೆ ಬೀಳೋ ಊರು ನಮ್ಮ ಬೆಂಗಳೂರು. ಇಡೀ ವರ್ಷದ ಮಳೆಯಲ್ಲಿ 2017ರ ದಾಖಲೆಯನ್ನ 2022 ಮುರಿದಿದ್ದನ್ನ ನಾವೆಲ್ಲ ಕಣ್ಣಾರೆ ಕಂಡಿದ್ದೀವಿ. ಇಲ್ಲಿ ಬಯಲಲ್ಲಿಡೋ ಕುಂಡಕ್ಕೆ ನೀರು ಹೋಗೋ ದಾರಿ ಇಲ್ಲ ಅಂದ್ರೆ ಹೇಗೆ?

"ಕಾಡಲ್ಲಿ ಗಿಡಕ್ಕೆ ಯಾರು ಕೊಡೆ ಹಿಡೀತಾರೆ" ಅಂತ ಯಾರಾದ್ರೂ ಕೇಳೇ ಕೇಳ್ತೀರ. ಕಾಡಿನ ನೆಲದಲ್ಲಿ ನೀರು ಇಳಿದು ಹೋಗುತ್ತೆ, ಬೇರೂ ಬೇಕಾದ ಕಡೆ ಹರಡಿಕೊಳ್ಳುತ್ತೆ. ಕುಂಡದ ಗಿಡಕ್ಕೆ ಇರೋದು ನಾವು ಕೊಟ್ಟಷ್ಟೇ ಜಾಗ. ಎರಡಕ್ಕೂ ಹೋಲಿಕೆನೇ ಇಲ್ಲ.

ಇದನ್ನ ನಾನು ಕಲಿತಿದ್ದು ಅಮ್ಮನ ಮೈಸೂರು ಮಲ್ಲಿಗೆ ಕಳ್ಕೊಂಡು. ಅಮ್ಮ ತೀರಿಕೊಂಡ ವರ್ಷ ಅವಳ ಕುಂಡವನ್ನ ನನ್ನ ಬಾಲ್ಕನಿಗೆ ತಂದಿದ್ದೆ. ಕೆಳಗಿನವರ ಬಟ್ಟೆ ಮೇಲೆ ಕೆಸರು ನೀರು ಬೀಳದಿರಲಿ ಅಂತ ಅಡಿಗೊಂದು ತಟ್ಟೆ ಇಟ್ಟೆ. ಕುಂಡಕ್ಕೆ ತೂತಿತ್ತು, ಅದನ್ನ ತಟ್ಟೆಯ ನೀರಲ್ಲಿ ಮುಳುಗಿಸಿಟ್ಟಿದ್ದು ನಾನು. ಮೂರೇ ವಾರಕ್ಕೆ ಹೋಯ್ತು. ಇವತ್ತಿಗೂ ಮನೆಯಲ್ಲಿ ಯಾರಿಗೂ ಕಾರಣ ಹೇಳಿಲ್ಲ.

ದಯವಿಟ್ಟು ಮಳೆಗಾಲ ಮುಗಿಯೋವರೆಗೆ ತಟ್ಟೆ ತೆಗೆದಿಡಿ. 2024ರಲ್ಲಿ ಡೆಂಗಿ ಹೇಗೆ ಹಬ್ಬಿತ್ತು ಅಂತ ಮರೆತಿಲ್ಲ ತಾನೇ? ಆ ಸೊಳ್ಳೆ ಮೊಟ್ಟೆ ಇಡೋದು ಇಂಥ ನೀರಲ್ಲೇ. ಕುಂಡದ ಕೆಳಗೆ ಮೂರು ಇಟ್ಟಿಗೆ ಚೂರು ಕೊಡಿ, ತೂತು ನೆಲಕ್ಕೆ ಅಂಟಬಾರದು. ತಳಕ್ಕೆ ಜಲ್ಲಿ ತುಂಬಿದ್ರೆ ನೀರು ಬೇಗ ಬಸಿಯುತ್ತೆ ಅನ್ನೋದು ಸುಳ್ಳು, ನೀರು ಜಲ್ಲಿಯ ಮೇಲಿನ ಮಣ್ಣಲ್ಲೇ ನಿಲ್ಲುತ್ತೆ. ದಪ್ಪ ಬುಡದ ಅಡೇನಿಯಂ, ಕಳ್ಳಿ ಜಾತಿಯ ಗಿಡಗಳನ್ನ ಸಜ್ಜದ ಕೆಳಗೆ ಸರಿಸಿ. ಮಳೆ ಬಿಟ್ಟ ಮೇಲೆ ಒಂದು ಹಿಡಿ ಎರೆಗೊಬ್ಬರ ಹಾಕಿ, ಮಣ್ಣಿನ ಸಾರವೂ ನೀರಿನ ಜೊತೆ ಕೊಚ್ಚಿಹೋಗಿರುತ್ತೆ. ಆದ್ರೆ ತೂತಿಲ್ಲದ ಕುಂಡಕ್ಕೆ ಇದ್ಯಾವುದೂ ಉಪಯೋಗಕ್ಕೆ ಬರಲ್ಲ.

ಪಿಂಗಾಣಿ ಒಡೆಯುತ್ತೆ ಅಂತ ಆಂಟಿಗೆ ಭಯ. ಟೈಲ್ಸ್ ಕೊರೆಯೋ ಬಿಟ್ ಹಾಕಿ, ನೀರು ಬಿಡ್ತಾ ನಿಧಾನಕ್ಕೆ ಕೊರೆದ್ರೆ ಆಗುತ್ತೆ ಅಂತ ಒಪ್ಪಿಸಿದ್ದೀನಿ. ಅವರ ತಾರಸೀಲಿ ಇಂಥವು ಇನ್ನೂ ಒಂಬತ್ತಿವೆ. ಮೋಡ ಆಗಲೇ ಕಟ್ಟಿದೆ, ಡ್ರಿಲ್ ತಗೊಂಡು ಹೊರಟೆ.