ಎಂಟಡಿ ದೂರದ ಚಿಕ್ಕಪ್ಪ

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಇಣುಕುವ ಕಿಂಡಿಯೇ ಬೇರೆ, ಫೋಟೋ ಹೊಡೆಯುವ ಲೆನ್ಸೇ ಬೇರೆ. 50 ಎಂಎಂ ಲೆನ್ಸ್ ಇರುವವರೆಗೆ ಇವರಿಬ್ಬರ ಸಂಸಾರ ಹೇಗೋ ನಡೆಯುತ್ತದೆ. ದೂರದ್ದನ್ನು ಹತ್ತಿರ ಎಳೆಯುವ 135 ಎಂಎಂ ಟೆಲಿಫೋಟೋ ಬಂತೋ, ಜಗಳ ಶುರು.

ನನ್ನದು ಹಳೇ ಸೋವಿಯತ್ ಜೋರ್ಕಿ-4. ಅದಕ್ಕೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಜುಪಿಟರ್-11 ಅನ್ನುವ 135 ಎಂಎಂ ಲೆನ್ಸ್ ಸಿಕ್ಕಿತು. ಜರ್ಮನಿಯ ಜೈಸ್ ಕಂಪನಿಯ ಸೊನಾರ್ ಲೆನ್ಸ್ ನೋಡಿಕೊಂಡು ಸೋವಿಯತ್ತಿನವರು ಮಾಡಿದ ಲೆನ್ಸ್. "ತೂಕ ನೋಡಿ ಸಾರ್, ಈಗಿನವೆಲ್ಲ ಬರೀ ಪ್ಲಾಸ್ಟಿಕ್ಕು" ಅಂದ ಮಾರುವವನು. ತೂಕವಂತೂ ಇತ್ತು.

ಜೋರ್ಕಿಯ ಕಿಂಡಿ ತೋರಿಸುವುದು 50 ಎಂಎಂ ನೋಟ. 135 ಹಾಕಿದರೆ ಫಿಲ್ಮಿಗೆ ಬೀಳುವುದು ಅದರಲ್ಲಿ ಸುಮಾರು ಏಳನೇ ಒಂದು ಪಾಲು. ಆ ಪಾಲು ಯಾವುದು ಅಂತ ಕಿಂಡಿ ಬಾಯಿ ಬಿಡುವುದಿಲ್ಲ. ಅದಕ್ಕೇ ಕ್ಯಾಮೆರಾ ತಲೆ ಮೇಲೆ ಇನ್ನೊಂದು ಇಣುಕುಕಿಂಡಿ, ಅಂದರೆ ವ್ಯೂಫೈಂಡರ್, ಸಿಕ್ಕಿಸಬೇಕು. ಫೋಕಸ್ ಸಿಗಲು ಕೆಳಗಿನ ಕಿಂಡಿಯಲ್ಲಿ ಎರಡಾಗಿ ಕಾಣುವ ಬಿಂಬ ಒಂದಾಗುವವರೆಗೆ ಲೆನ್ಸ್ ತಿರುಗಿಸಿ, ಕಣ್ಣನ್ನು ಮೇಲಿನ ಕಿಂಡಿಗೆ ಸಾಗಿಸಿ, ಆಮೇಲೆ ಕ್ಲಿಕ್. ಲಾಲ್‌ಬಾಗ್ ಕೆರೆಯ ನೀರುಕಾಗೆಗೆ ಅಷ್ಟು ಪುರುಸೊತ್ತು ಎಲ್ಲಿದೆ? ಅದು ಆಗತಾನೇ ಕೂತಿದ್ದ ಕೊಂಬೆಯ ಫೋಟೋಗಳು ನನ್ನ ಹತ್ತಿರ ಬೇಕಾದಷ್ಟಿವೆ. ಒಳ್ಳೇ ಕೊಂಬೆಗಳು.

ಹಾರಿಹೋಗದವರನ್ನು ಹಿಡಿಯೋಣ ಅಂತ ಚಿಕ್ಕಪ್ಪನ ಗೃಹಪ್ರವೇಶಕ್ಕೆ ಕ್ಯಾಮೆರಾ ಒಯ್ದೆ. ತ್ಯಾಗರಾಜನಗರದಲ್ಲಿ ಟ್ವೆಂಟಿ ಥರ್ಟಿ ಸೈಟು. ಈ ಲೆನ್ಸೋ, ಎರಡೂವರೆ ಮೀಟರಿಗಿಂತ ಹತ್ತಿರ ಇರುವವರ ಗುರುತೇ ಹಿಡಿಯುವುದಿಲ್ಲ. ಅಂದರೆ ಎಂಟಡಿ. ಟ್ವೆಂಟಿ ಥರ್ಟಿಯಲ್ಲಿ, ಅದೂ ಹೋಮದ ದಿನ, ಎಂಟಡಿ ಖಾಲಿ ಜಾಗ ಎಲ್ಲಿಂದ ತರೋದು?

ಚಿಕ್ಕಪ್ಪ ಪೇಟ ಸರಿಮಾಡಿಕೊಂಡು ದೇವರಮನೆ ಮುಂದೆ ನಿಂತರು. ನಾನು ಹಿಂದೆ ಹಿಂದೆ ಸರಿದೆ. ಮಧ್ಯೆ ಕೋಸಂಬರಿ ಬೇಸನ್ ಹಿಡಿದ ಅಡುಗೆಯವರು ಬಂದರು. ಮಕ್ಕಳು ಬಂದವು. ಇನ್ನೂ ಹಿಂದೆ ಹೋದೆ. ಹಾಲ್ ಮುಗಿಯಿತು, ಹೊಸಿಲು ದಾಟಿತು, ಚಪ್ಪಲಿ ರಾಶಿಯ ಮೇಲೆ ನಿಂತಾಗ ದಾರಿ ತೆರವಾಯಿತು. ಗೇಟಿನ ಹೊರಗಿಂದ ಪಕ್ಕದ ಮನೆಯವರು ಗಾಬರಿಯಿಂದ ಕೇಳಿದರು, "ಸಾರ್, ರೋಡ್ ಅಗಲ ಮಾಡ್ತಾರಾ?"

ಅಲ್ಲ ಸಾರ್, ಚಿಕ್ಕಪ್ಪನ ಫೋಟೋ.

ಒಳಗೆ ಬೆಳಕು ಕಡಿಮೆ. ಲೆನ್ಸನ್ನು ಎಫ್4ಕ್ಕೆ ಪೂರ್ತಿ ತೆರೆದರೆ ಎಂಟಡಿ ದೂರದಲ್ಲಿ ಸ್ಪಷ್ಟವಾಗಿ ಬರುವುದು ಅಂಗೈ ಅಗಲದಷ್ಟು ಆಳ ಮಾತ್ರ. ಮೂಗು ಸರಿಯಿದ್ದರೆ ಕಿವಿ ಮಂಜು. ಜೊತೆಗೆ ಮೇಲಿನ ವ್ಯೂಫೈಂಡರ್ ಲೆನ್ಸಿಗಿಂತ ಎತ್ತರದಲ್ಲಿ ಕೂತಿರುತ್ತದಲ್ಲ, ಹತ್ತಿರದವರನ್ನು ತೆಗೆಯುವಾಗ ಅದನ್ನು ಸ್ವಲ್ಪ ಬಗ್ಗಿಸಬೇಕು. ಅದಕ್ಕೊಂದು ಪುಟ್ಟ ಸನ್ನೆಕೋಲು ಇದೆ. ನನ್ನದರಲ್ಲಿ ಅದು ಬ್ರೆಜ್ನೆವ್ ಕಾಲದಲ್ಲೇ ಬಿಗಿದುಕೊಂಡ ಹಾಗಿದೆ.

ಪ್ರಿಂಟ್ ಬಂತು. ಹುಬ್ಬಿನಿಂದ ಮೇಲೆ ಚಿಕ್ಕಪ್ಪ ಇಲ್ಲ. ಪೇಟವೂ ಇಲ್ಲ. ಮುಖ ಮಂಜು ಮಂಜು. ಆದರೆ ಎದೆ ಮೇಲಿನ ರೇಷ್ಮೆ ಶಲ್ಯ ಮಾತ್ರ ಎಳೆ ಎಳೆಯಾಗಿ ಬಂದಿದೆ! ಸೊನಾರ್ ಅಂದರೆ ಸೊನಾರೇ.

ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು.

"ಇದು ಹೋದ ವರ್ಷ ನಾಮಕರಣದಲ್ಲಿ ಚೆಲ್ಲಿಕೊಂಡ ಹುಳಿ ಕಲೆ ಅಲ್ವೇನ್ರೀ? ಡ್ರೈ ಕ್ಲೀನಿಂಗ್‌ಗೆ ಕೊಟ್ಟೆ ಅಂದಿದ್ರಿ?"

"ಫೋಟೋ ಸರಿಯಾಗಿ ಬಂದಿಲ್ಲ ಕಣೆ" ಅಂದರು ಚಿಕ್ಕಪ್ಪ.